ಡೆಕ್ ಹಲಗೆಯ ಮೇಲೆ ಗೀರು ಬಿದ್ದರೆ: ತಿಕ್ಕುವುದೋ, ಕಾಯಿಸುವುದೋ, ಹಲಗೆ ಬದಲಿಸುವುದೋ?

ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮಲ್ಲಿಗೆ ಚಟ್ಟಿಗಳನ್ನು ಶೀಟಿನ ಅಡಿಗೆ ಎಳೆಯುವುದು, ದೀಪಾವಳಿಯ ಹೊತ್ತಿಗೆ ಮತ್ತೆ ಬಿಸಿಲಿಗೆ ಎಳೆಯುವುದು. ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಯ ತಾರಸಿಯಲ್ಲಿ ವರ್ಷಕ್ಕೆ ಎರಡು ಸಲ ಈ ಕೆಲಸ ಇದ್ದದ್ದೇ. ಎತ್ತಬೇಕು, ಎಳೆಯಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಆದರೆ ಮಣ್ಣು ತುಂಬಿದ ಸಿಮೆಂಟ್ ಚಟ್ಟಿ ಎತ್ತಲು ಇಬ್ಬರು ಬೇಕು, ಇಬ್ಬರೂ ಒಟ್ಟಿಗೆ ಪುರುಸೊತ್ತಿನಲ್ಲಿ ಸಿಗುವುದಿಲ್ಲ. ಹಾಗೆ ಒಬ್ಬಳೇ ಎಳೆದ ಒಂದು ಚಟ್ಟಿ ತಾರಸಿಗೆ ಹಾಸಿದ ಡೆಕ್ ಹಲಗೆಯ ಮೇಲೆ ಎರಡು ಮೊಳ ಉದ್ದದ ಬಿಳಿ ಗೀರು ಬಿಟ್ಟಿತು. ಚಟ್ಟಿಯ ಬುಡಕ್ಕೆ ಅಂಟಿಕೊಂಡಿದ್ದ ಮುರಕಲ್ಲಿನ ಚೂರೊಂದರ ಕೆಲಸ.

ಈ ಸಲ ನಾನು ಕೂಡಲೇ ಸ್ಯಾಂಡ್ ಪೇಪರ್ ಹುಡುಕಲು ಹೋಗಲಿಲ್ಲ. ಅದಕ್ಕೆ ಕಾರಣ ಉಂಟು. ಎರಡು ವರ್ಷದ ಹಿಂದೆ ಕೆಳಗಿನ ಸಿಟ್‌ಔಟಿನಲ್ಲಿ ಇಂಥದ್ದೇ ಗೀರು ಬಿದ್ದಿತ್ತು. ಬಾಗಿಲು ಸರಿಮಾಡಲು ಬಂದಿದ್ದ ಆಚಾರಿಯವರಿಗೆ ತೋರಿಸಿದೆ. “ಎಂತ ಅಕ್ಕ, ಇದಕ್ಕೆಲ್ಲ ತಲೆಬಿಸಿಯಾ? ಒಂದು ಪೇಪರ್ ತಿಕ್ಕಿದ್ರೆ ಹೋಗ್ತದೆ” ಎಂದರು. ತಿಕ್ಕಿದರು, ಗೀರು ಹೋಯಿತು. ಅದಿದ್ದ ಜಾಗದಲ್ಲಿ ಅಂಗೈ ಅಗಲದ ಮಂಕು ತೇಪೆಯೊಂದು ಉಳಿಯಿತು. ಮುಂದಿನ ಮಳೆಗಾಲದ ಆಟಿ ತಿಂಗಳಿಗೆ ಆ ತೇಪೆಯ ತುಂಬ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು. ಗೀರು ಅಲ್ಲಿ ಕೂತವರಿಗೆ ಮಾತ್ರ ಕಾಣುತ್ತಿತ್ತು, ತೇಪೆ ಗೇಟಿನಿಂದಲೇ ಕಾಣುತ್ತಿತ್ತು. ಅವರನ್ನು ದೂರುವ ಹಾಗಿಲ್ಲ. ಮರಕ್ಕೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹಲಗೆ ಮರದ್ದಾಗಿರಲಿಲ್ಲ, ಅಷ್ಟೆ.

ತಾರಸಿಯ ಹಲಗೆಗೆ ಅದೇ ಸ್ಯಾಂಡ್ ಪೇಪರ್ ಸರಿಯಾದ ಮದ್ದು. ಸಿಟ್‌ಔಟಿನ ಹಲಗೆಗೆ ಅದೇ ವಿಷ. ಎರಡಕ್ಕೂ ಅಂಗಡಿಯಲ್ಲಿ ಹೇಳುವ ಹೆಸರು ಒಂದೇ, ಡಬ್ಲ್ಯುಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೋಸಿಟ್) ಡೆಕ್ಕಿಂಗ್. ಹಾಗಾಗಿ ಯಾವ ರಿಪೇರಿ ಎಂದು ಕೇಳುವ ಮೊದಲು ಯಾವ ಹಲಗೆ ಎಂದು ನೋಡಬೇಕು.

ಹಲಗೆಯ ಜಾತಿ

ಈ ಹಲಗೆ ಮರವೂ ಅಲ್ಲ, ಪೂರಾ ಪ್ಲಾಸ್ಟಿಕ್ಕೂ ಅಲ್ಲ. ಕರಗಿದ ಪ್ಲಾಸ್ಟಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ಮರದ ಹುಡಿ ಬೆರೆಸಿ, ಸೇಮಿಗೆ ಒತ್ತಿದ ಹಾಗೆ ಅಚ್ಚಿನಿಂದ ಉದ್ದಕ್ಕೆ ಒತ್ತಿ ತೆಗೆದದ್ದು. ಹಳೆಯ ಬಗೆಯದ್ದು ಒಳಗೂ ಹೊರಗೂ ಒಂದೇ. ಎಷ್ಟು ತಿಕ್ಕಿದರೂ ಅಡಿಯಲ್ಲಿ ಅದೇ ವಸ್ತು ಸಿಗುತ್ತದೆ. ಹೊಸ ಬಗೆಯದ್ದಕ್ಕೆ ಮೇಲೊಂದು ಅಪ್ಪಟ ಪ್ಲಾಸ್ಟಿಕ್ಕಿನ ಸಿಪ್ಪೆ ಇರುತ್ತದೆ, ಅರ್ಧ ಮಿಲಿಮೀಟರಿನ ಆಸುಪಾಸು. ಹಲಸಿನ ಬೀಜದ ಮೇಲಿನ ಬಿಳಿ ಸಿಪ್ಪೆ ಹೇಗೋ ಹಾಗೆ. ಮಾರುವವರು ಇದನ್ನು ಕ್ಯಾಪ್ಡ್ ಎನ್ನುತ್ತಾರೆ. ಬಣ್ಣ ಇರುವುದೂ ಆ ಸಿಪ್ಪೆಯಲ್ಲಿ, ಮರದ ನಾರಿನಂಥ ಅಚ್ಚು ಇರುವುದೂ ಅದರ ಮೇಲೆ, ನೀರು ತಡೆಯುವುದೂ ಅದೇ. ನಮ್ಮ ಆಚಾರಿಯವರು ತಿಕ್ಕಿ ತೆಗೆದದ್ದು ಆ ಸಿಪ್ಪೆಯನ್ನು. ಅಡಿಯಲ್ಲಿದ್ದ ಮರದ ಹುಡಿ ನೀರು ಕುಡಿಯಿತು, ಬೂಸ್ಟು ಹಿಡಿಯಿತು.

ಯಾವುದೆಂದು ಗುರುತಿಸಲು ಹಲಗೆಯ ಕೊಯ್ದ ತುದಿ ನೋಡಿ. ಸುತ್ತ ಬೇರೆ ಛಾಯೆಯ ತೆಳು ಗೆರೆ ಕಂಡರೆ ಸಿಪ್ಪೆ ಉಂಟು. ತುದಿಗೆ ಮುಚ್ಚಳ ಹೊಡೆದಿದ್ದರೆ ಬಿಸಿಲಿನಲ್ಲಿ ಒಣಗಿದ ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ. ಹತ್ತು ನಿಮಿಷ ಬಿಟ್ಟು ಒರೆಸಿದಾಗ ಅಲ್ಲಿ ಕಪ್ಪಗೆ ಒದ್ದೆ ಗುರುತು ಉಳಿದರೆ ಸಿಪ್ಪೆ ಇಲ್ಲದ್ದು, ಹನಿ ಮಣಿಯ ಹಾಗೆ ನಿಂತು ಗುರುತಿಲ್ಲದೆ ಹೋದರೆ ಸಿಪ್ಪೆ ಇರುವುದು. ತುದಿ ನೋಡುವುದೇ ಹೆಚ್ಚು ಭರವಸೆಯದ್ದು.

ಇನ್ನೊಂದು ಗೊಂದಲವೂ ಉಂಟು. ನಮ್ಮೂರಿನಲ್ಲಿ ಬಚ್ಚಲುಮನೆಯ ಬಾಗಿಲಿಗೆ, ಅಡುಗೆಮನೆಯ ಕಪಾಟಿಗೆ ಬರುವ ಡಬ್ಲ್ಯುಪಿಸಿ ಹೆಚ್ಚಾಗಿ ಪಿವಿಸಿಯಿಂದ ಮಾಡಿದ್ದು. ಡೆಕ್ಕಿನ ಹಲಗೆಯ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಥಿನ್ ಜಾತಿಯದ್ದು, ತಾರಸಿಯ ನೀರಿನ ಟ್ಯಾಂಕು ಮಾಡುವಂಥದ್ದು. ಬಾಗಿಲಿನ ಹಲಗೆಗೆ ಹಿಡಿಯುವ ಅಂಟು, ಪುಟ್ಟಿ, ಪೇಂಟು ಇದಕ್ಕೆ ಹಿಡಿಯುವುದಿಲ್ಲ. ಬಾಗಿಲಿನ ಅನುಭವ ಇರುವವರು ಡೆಕ್ಕಿನಲ್ಲಿ ಎಡವುವುದು ಇಲ್ಲೇ.

ಗೀರೋ, ಬರೀ ಗುರುತೋ?

ಕಣ್ಣಿಗೆ ಕಂಡ ಬಿಳಿ ಗೆರೆಯೆಲ್ಲ ಗೀರಲ್ಲ. ಅಲ್ಯೂಮಿನಿಯಂ ಕುರ್ಚಿಯ ಕಾಲು, ಸಿಮೆಂಟ್ ಚಟ್ಟಿಯ ಬುಡ, ಮಕ್ಕಳ ಸೈಕಲ್ಲಿನ ಸ್ಟ್ಯಾಂಡು ಇವು ತಮ್ಮದೇ ವಸ್ತುವನ್ನು ಹಲಗೆಗೆ ಬಳಿದು ಹೋಗುತ್ತವೆ. ಸ್ಲೇಟಿನ ಮೇಲೆ ಕಡ್ಡಿ ಬರೆದ ಹಾಗೆ. ಉಗುರನ್ನು ಗೆರೆಗೆ ಅಡ್ಡವಾಗಿ ಎಳೆದು ನೋಡಿ. ಎಲ್ಲೂ ತಡೆಯದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬ್ರಶ್ ಸಾಕು. ತಿನ್ನರ್ ಹಾಕಿ ಒರೆಸಬೇಡಿ, ಕೆಲವು ಬಗೆಯ ಸಿಪ್ಪೆ ಅದಕ್ಕೆ ಮೆತ್ತಗಾಗಿ ಹಾಳಾಗುತ್ತದೆ. ನನ್ನ ಲೆಕ್ಕದಲ್ಲಿ ಮನೆಯವರು ಗಾಬರಿಯಾಗಿ ಕರೆದು ತೋರಿಸಿದ ಗೀರುಗಳಲ್ಲಿ ಅರ್ಧದಷ್ಟು ಹೀಗೆ ತೊಳೆದೇ ಹೋಗಿವೆ.

ಉಗುರು ತಡೆದರೆ ಗೀರು. ಉಗುರು ಒಳಗೆ ಕೂತರೆ ಆಳದ ಗೀರು. ಗೀರಿನ ತಳದಲ್ಲಿ ಬೇರೆ ಬಣ್ಣ, ನಾರು ನಾರಾದ ಹುಡಿ ಕಂಡರೆ ಸಿಪ್ಪೆ ಹರಿದಿದೆ ಎಂದು ಅರ್ಥ.

ಏನೂ ಮಾಡದಿರುವುದು

ಇದನ್ನೂ ಒಂದು ಆಯ್ಕೆಯಾಗಿ ಲೆಕ್ಕ ಹಿಡಿಯಿರಿ. ಸಿಪ್ಪೆ ಇಲ್ಲದ ಹಲಗೆಯ ಸಣ್ಣ ಗೀರು ಬಿಸಿಲಿಗೆ, ಮಳೆಗೆ, ಕಾಲ ಸವೆತಕ್ಕೆ ತಾನಾಗಿ ಮಾಸುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೆ ಯಾವ ಗೀರು ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ಸಿಪ್ಪೆ ಇರುವ ಹಲಗೆಯ ಗೀರು ಹಾಗೆ ಮಾಸುವುದಿಲ್ಲ, ಆದರೆ ಸಿಪ್ಪೆ ಹರಿಯದಿದ್ದರೆ ಹಲಗೆಗೆ ತೊಂದರೆಯೂ ಇಲ್ಲ. ನೋಟದ ಪ್ರಶ್ನೆ ಮಾತ್ರ. ಮಲ್ಲಿಗೆ ದರ ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಸಾವಿರ ದಾಟಿದ ದಿನ ತಾರಸಿಯ ಗೀರು ನಮ್ಮ ಅತ್ತೆಯ ಕಣ್ಣಿಗೆ ಬೀಳುವುದೇ ಇಲ್ಲ.

ತಿಕ್ಕುವುದು

ಸಿಪ್ಪೆ ಇಲ್ಲದ ಹಲಗೆಗೆ ನನ್ನ ಮೊದಲ ಆಯ್ಕೆ ಇದು. 60 ಅಥವಾ 80ನೇ ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಹಲಗೆಯ ಉದ್ದಕ್ಕೆ ಮಾತ್ರ ತಿಕ್ಕಬೇಕು. ವೃತ್ತಾಕಾರವಾಗಿ ತಿಕ್ಕಿದರೆ ಒಂದು ಗೀರು ಹೋಗಿ ನೂರು ಬರುತ್ತದೆ. ತಿರುಗುವ ಮಷೀನು ಅದಕ್ಕೇ ಬೇಡ. ಗೀರಿನ ಮೇಲೆಯೇ ಒತ್ತಿ ತಿಕ್ಕುವ ಆಸೆ ಆಗುತ್ತದೆ. ಹಾಗೆ ಮಾಡಿದರೆ ಅಲ್ಲೊಂದು ತಗ್ಗು ಬಿದ್ದು ನೀರು ನಿಲ್ಲುತ್ತದೆ. ಗೀರಿನ ಎರಡೂ ತುದಿಯಿಂದ ಒಂದೊಂದು ಗೇಣು ಆಚೆಯವರೆಗೂ ಸೇರಿಸಿ, ನಡುವೆ ಗಟ್ಟಿ, ತುದಿಗೆ ಬರುತ್ತ ಹಗುರ, ಹೀಗೆ ಕೈ ಆಡಿಸಬೇಕು.

ತಿಕ್ಕಿದ ಮೇಲೆ ಮೇಲ್ಮೈ ನುಣ್ಣಗಾಗಿ ಸುತ್ತಲಿನ ಒರಟಿಗಿಂತ ಬೇರೆ ಕಾಣುತ್ತದೆ. ಆಗ ತಂತಿಯ ಬ್ರಶ್ಶಿನಿಂದ ಉದ್ದಕ್ಕೆ ನಾಲ್ಕು ಸಲ ಎಳೆದರೆ ನಾರಿನಂಥ ಗೆರೆಗಳು ಮರಳಿ ಬರುತ್ತವೆ. ಹಿತ್ತಾಳೆ ತಂತಿಯದ್ದೇ ತನ್ನಿ. ಕಬ್ಬಿಣದ ತಂತಿಯ ಚೂರುಗಳು ಹಲಗೆಯಲ್ಲಿ ಸಿಕ್ಕಿಕೊಂಡರೆ ನಮ್ಮ ಉಪ್ಪುಗಾಳಿಗೆ ವಾರದೊಳಗೆ ತುಕ್ಕು. ಮರದ ಹುಡಿಯ ಒಗರಿಗೆ ಕಬ್ಬಿಣ ಸೇರಿದರೆ ಶಾಯಿಯಂಥ ಕಪ್ಪು ಕಲೆ ಕೂಡ ಬೀಳುತ್ತದೆ. ನನಗೆ ಇದು ಗೊತ್ತಾದದ್ದು ಬ್ರಶ್ ಬಳಸಿ ಹತ್ತು ದಿನ ಆದ ಮೇಲೆ. ಆಕ್ಸಾಲಿಕ್ ಆಸಿಡ್ಡಿನ ತೆಳು ದ್ರಾವಣ ಹಾಕಿ ತೊಳೆದು ತೆಗೆಯಬೇಕಾಯಿತು. ಅದು ವಿಷ. ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು, ಆಮೇಲೆ ತುಂಬ ನೀರು ಹೊಯ್ಯಬೇಕು, ಆ ನೀರು ಗಿಡದ ಬುಡಕ್ಕೆ ಹೋಗಬಾರದು.

ಬಣ್ಣ ಕೂಡಲೇ ಹೊಂದುವುದಿಲ್ಲ. ಹಳೆ ಹಲಗೆ ಬಿಸಿಲಿಗೆ ಮಾಸಿ ತಿಳಿಯಾಗಿರುತ್ತದೆ, ತಿಕ್ಕಿದ ಜಾಗದಲ್ಲಿ ಹೊಸ ಬಣ್ಣ ಬರುತ್ತದೆ. ಅದು ಸುತ್ತಲಿನ ಹಲಗೆಗೆ ಸೇರಿಕೊಳ್ಳಲು ಎರಡು ಮೂರು ತಿಂಗಳ ಬಿಸಿಲು ಬೇಕು. ಹಾಗಾಗಿ ನವೆಂಬರ್ ಒಳ್ಳೆಯ ಸಮಯ. ಮೇ ತಿಂಗಳ ಕೊನೆಗೆ ತಿಕ್ಕಿದರೆ ಬಣ್ಣ ಸೇರುವ ಮೊದಲೇ ಮಳೆ ಬಂದು ಪಾಚಿ ಸೇರಿಕೊಳ್ಳುತ್ತದೆ.

ತಿಕ್ಕಿದ ಹುಡಿಯನ್ನು ಹಿಡಿಸೂಡಿಯಿಂದ ಅಂಗಳಕ್ಕೆ ಗುಡಿಸಿ ಬಿಡುವುದು ನಮ್ಮ ಅಭ್ಯಾಸ. ಇದು ಅರ್ಧಕ್ಕರ್ಧ ಪ್ಲಾಸ್ಟಿಕ್ ಹುಡಿ. ಬಾವಿ ಇರುವ ಮನೆಯಲ್ಲಿ ಅದು ಎಲ್ಲಿಗೆ ಹೋಗಿ ಸೇರುತ್ತದೆಂದು ಯೋಚಿಸಿ. ಮಾಸ್ಕ್ ಹಾಕಿಕೊಂಡು ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಒಣಕಸಕ್ಕೆ ಹಾಕಿ.

ಸಿಪ್ಪೆ ಇರುವ ಹಲಗೆಗೆ ಇದಾವುದೂ ಬೇಡ. 400ನೇ ನಂಬರಿನ ನುಣುಪು ಪೇಪರ್ ಆದರೆ ಪರವಾಗಿಲ್ಲವಾ ಎಂದು ಕೇಳುವವರಿದ್ದಾರೆ. ಅದೂ ಬೇಡ. ಅಚ್ಚು ಅಳಿಸಿ ಅಲ್ಲಿ ಬೇರೆಯದೇ ಹೊಳಪು ಬರುತ್ತದೆ. ಗ್ಯಾರಂಟಿ ಚೀಟಿ ಇದ್ದರೆ ಓದಿ ನೋಡಿ, ಹಲಗೆ ತಿಕ್ಕಿದರೆ ಗ್ಯಾರಂಟಿ ಇಲ್ಲ ಎಂದು ಹೆಚ್ಚಿನವುಗಳಲ್ಲಿ ಬರೆದಿರುತ್ತದೆ.

ಕಾಯಿಸುವುದು

ಸಿಪ್ಪೆ ಇರುವ ಹಲಗೆಗೆ ಇರುವ ದಾರಿ ಇದೊಂದೇ ಎನ್ನಬಹುದು. ಎಲ್ಲ ಗೀರಿಗೂ ಆಗುವುದಿಲ್ಲ.

ಗೀರು ಎರಡು ರೀತಿಯಲ್ಲಿ ಬೀಳುತ್ತದೆ. ಒಂದರಲ್ಲಿ ಪ್ಲಾಸ್ಟಿಕ್ ಎಲ್ಲಿಗೂ ಹೋಗಿರುವುದಿಲ್ಲ, ಒತ್ತಡಕ್ಕೆ ಬದಿಗೆ ಸರಿದು ಬೆಳ್ಳಗಾಗಿ ಸಣ್ಣ ಏರಿಯ ಹಾಗೆ ನಿಂತಿರುತ್ತದೆ. ಇನ್ನೊಂದರಲ್ಲಿ ಕೆತ್ತಿಯೇ ಹೋಗಿರುತ್ತದೆ. ಮೊದಲನೆಯದ್ದು ಬಿಸಿಗೆ ಮೆತ್ತಗಾಗಿ ಬಹಳಷ್ಟು ಮರಳಿ ಕೂರುತ್ತದೆ, ಬಿಳಿ ಗೆರೆಯೂ ಮಾಯವಾಗುತ್ತದೆ. ಎರಡನೆಯದ್ದಕ್ಕೆ ಎಷ್ಟು ಬಿಸಿ ಕೊಟ್ಟರೂ ಇಲ್ಲದ ಪ್ಲಾಸ್ಟಿಕ್ ಎಲ್ಲಿಂದ ಬರಬೇಕು?

ಪಾಲಿಥಿನ್ ಕರಗುವುದು ಸುಮಾರು 130 ಡಿಗ್ರಿಯಲ್ಲಿ. ತಲೆಕೂದಲು ಒಣಗಿಸುವ ಡ್ರೈಯರ್ ಅಲ್ಲಿಯವರೆಗೆ ಮುಟ್ಟುವುದಿಲ್ಲ, ಅರ್ಧ ಗಂಟೆ ಹಿಡಿದರೂ ಕೈ ನೋಯುವುದೇ ಲಾಭ. ಕುದಿಯುವ ನೀರು 100 ಡಿಗ್ರಿ. ಚಟ್ಟಿ ಕೂತು ಆದ ಸಣ್ಣ ತಗ್ಗಿಗೆ, ತೆಳು ಗೀರಿಗೆ ಅದು ಸ್ವಲ್ಪ ಕೆಲಸ ಮಾಡುತ್ತದೆ, ಹಾಳು ಮಾಡುವ ಭಯವೂ ಕಡಿಮೆ. ಮೊದಲು ಅದನ್ನೇ ಮಾಡಿ ನೋಡಿ. ಸಾಲದಿದ್ದರೆ ಬಿಸಿಗಾಳಿ ಊದುವ ಹೀಟ್ ಗನ್. ಅದರ ಗಾಳಿ 500 ಡಿಗ್ರಿ ದಾಟಬಲ್ಲದು, ಆದ್ದರಿಂದ ಅತಿ ಕಡಿಮೆಗೆ ಇಟ್ಟು, ಒಂದು ಗೇಣು ದೂರದಿಂದ, ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆ ಒಂದೇ ಸಮನೆ ಆಚೀಚೆ ಆಡಿಸುತ್ತಿರಬೇಕು. ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ನೋಡಬೇಕು. ಬಿಳಿ ಗೆರೆ ಮಾಸತೊಡಗಿದ ಕೂಡಲೇ ಕೈ ತೆಗೆಯಬೇಕು. ಇನ್ನೂ ಸ್ವಲ್ಪ ಚಂದ ಆಗಲಿ ಎಂದು ಹಿಡಿದ ಆ ಐದು ಸೆಕೆಂಡಿನಲ್ಲೇ ನಾರಿನ ಅಚ್ಚು ಕರಗಿ ಎಣ್ಣೆ ಚೆಲ್ಲಿದಂಥ ಹೊಳಪು ಬರುವುದು. ಆ ಹೊಳಪನ್ನು ತೆಗೆಯಲು ದಾರಿ ಇಲ್ಲ. ಹಲಗೆ ಹಾಕಿದಾಗ ಉಳಿದ ತುಂಡಿನ ಮೇಲೆ ನೀವೇ ಒಂದು ಗೀರು ಎಳೆದು ಅಭ್ಯಾಸ ಮಾಡಿಕೊಳ್ಳದೆ ನೆಲದ ಹಲಗೆಗೆ ಕೈ ಹಾಕಬೇಡಿ.

ಹಲಗೆ ಪಿವಿಸಿಯದ್ದೆಂದು ಅನುಮಾನ ಬಂದರೆ ಹೀಟ್ ಗನ್ ಬೇಡವೇ ಬೇಡ. ಅದು ಇನ್ನೂ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ, ಹೆಚ್ಚು ಕಾದರೆ ಬರುವ ಹೊಗೆ ಗಂಟಲಿಗೆ ಒಳ್ಳೆಯದಲ್ಲ.

ದೀಪಾವಳಿಯ ನೆಲಚಕ್ರ ಸುಟ್ಟ ಗುರುತಿಗೂ ಹೀಟ್ ಗನ್ನಿಗೂ ಸಂಬಂಧವಿಲ್ಲ. ಅದು ಸುಟ್ಟದ್ದು, ಗೀರಲ್ಲ. ಆ ಹಲಗೆ ಬದಲಿಸುವುದೇ.

ತುಂಬುವುದು, ಬಳಿಯುವುದು

ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಬಣ್ಣದ ಮೇಣದ ಕಡ್ಡಿ, ಮಾರ್ಕರ್ ಪೆನ್ನು, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟು, ಎಲ್ಲ ಸಿಗುತ್ತವೆ. ಪಾಲಿಥಿನ್ನಿಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೆ ಹಲಗೆ ಹಿಗ್ಗಿ ಕುಗ್ಗುವಾಗ ತುಂಬಿದ್ದು ಹಪ್ಪಳದ ಹಾಗೆ ಎದ್ದು ಬರುತ್ತದೆ. ಮೇಣದ ಕಡ್ಡಿ ಸಿಟ್‌ಔಟಿನ ನೆರಳಿನಲ್ಲಿ ನಿಲ್ಲುತ್ತದೆ, ತಾರಸಿಯಲ್ಲಿ ಏಪ್ರಿಲ್ ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ಬರಿಗಾಲಿಡಲು ಆಗದಷ್ಟು ಬಿಸಿ ಇರುವಾಗ ಕರಗಿ ಕಾಲಿಗೆ ಅಂಟುತ್ತದೆ. ಮಾರ್ಕರಿನ ಬಣ್ಣ ಒಂದು ಮಳೆಗಾಲಕ್ಕೆ ಮುಗಿಯಿತು. ಆದರೂ ಒಂದು ಸಂದರ್ಭದಲ್ಲಿ ಮೇಣ ಉಪಯೋಗಕ್ಕೆ ಬರುತ್ತದೆ: ಸಿಪ್ಪೆ ಹರಿದ ಗೀರು ಮೇ ತಿಂಗಳಲ್ಲಿ ಕಣ್ಣಿಗೆ ಬಿದ್ದು, ಹಲಗೆ ಬದಲಿಸಲು ಸಮಯವಿಲ್ಲದಿದ್ದರೆ, ನೀರು ಒಳಗಿಳಿಯದಂತೆ ಒಂದು ಮಳೆಗಾಲ ದಾಟಿಸಲು.

ತೆಂಗಿನೆಣ್ಣೆ, ಕಂದು ಶೂ ಪಾಲಿಶ್ ಎರಡನ್ನೂ ನೆರೆಕರೆಯವರು ಹೇಳಿದ್ದಾರೆ. ಎಣ್ಣೆ ಹಚ್ಚಿದ ದಿನ ಗೀರು ಕಾಣುವುದಿಲ್ಲ, ನಿಜ. ನಾಲ್ಕನೇ ದಿನ ಅಲ್ಲಿ ಧೂಳು ಕೂತು ಗೀರು ಮೊದಲಿಗಿಂತ ದಪ್ಪವಾಗಿ ಕಾಣುತ್ತದೆ, ಕಾಲು ಜಾರುತ್ತದೆ. ಶೂ ಪಾಲಿಶ್ ಹಚ್ಚಿದರೆ ಬಿಳಿ ಪಂಚೆ ಉಟ್ಟು ಬಂದವರನ್ನು ಅಲ್ಲಿ ಕೂರಿಸುವ ಹಾಗಿಲ್ಲ.

ಮಗುಚುವುದು, ಬದಲಿಸುವುದು

ಆಳದ ಗೀರಿಗೆ, ಅದರಲ್ಲೂ ಸಿಪ್ಪೆ ಹರಿದ ಗೀರಿಗೆ, ಹಲಗೆ ಎಬ್ಬಿಸುವುದೇ ನೆಟ್ಟಗಿನ ದಾರಿ. ಕೆಲವು ಹಲಗೆಗಳಿಗೆ ಎರಡೂ ಮುಖ ಉಪಯೋಗಕ್ಕೆ ಬರುತ್ತವೆ, ಒಂದರಲ್ಲಿ ಮರದ ನಾರು, ಇನ್ನೊಂದರಲ್ಲಿ ಉದ್ದುದ್ದ ಗೆರೆ. ಒಂದನ್ನೇ ಮಗುಚಿದರೆ ಸಾಲಿನಲ್ಲಿ ಬೇರೆಯಾಗಿ ಕಾಣುತ್ತದೆ. ಸಿಪ್ಪೆ ಇರುವ ಕೆಲವು ಹಲಗೆಗಳ ಅಡಿಮುಖಕ್ಕೆ ಸಿಪ್ಪೆಯೇ ಇರುವುದಿಲ್ಲ, ಅದನ್ನು ಮಗುಚಬಾರದು. ತುದಿ ನೋಡುವಾಗಲೇ ನಾಲ್ಕೂ ಬದಿ ನೋಡಿಕೊಳ್ಳಿ.

ಎಬ್ಬಿಸುವುದು ಎಷ್ಟು ಸುಲಭ ಎಂಬುದು ಹಾಕಿದ ಕ್ರಮದ ಮೇಲೆ ನಿಂತಿದೆ. ಮೇಲಿನಿಂದ ಸ್ಕ್ರೂ ಹೊಡೆದಿದ್ದರೆ ಹತ್ತು ನಿಮಿಷದ ಕೆಲಸ. ಹಲಗೆಯ ಬದಿಯಲ್ಲಿ ಕೊರೆದ ಕಾಲುವೆಯಲ್ಲಿ ಕ್ಲಿಪ್ ಕೂರಿಸಿದ್ದರೆ ಪ್ರತಿ ಹಲಗೆ ಪಕ್ಕದ್ದನ್ನು ಹಿಡಿದುಕೊಂಡಿರುತ್ತದೆ, ನಡುವಿನದ್ದೊಂದನ್ನು ಎಬ್ಬಿಸಲು ಒಂದು ಅಂಚಿನಿಂದ ಸಾಲಾಗಿ ಬಿಚ್ಚಿಕೊಂಡು ಬರಬೇಕು. ಇದಕ್ಕೆ ಆಚಾರಿಯವರೇ ಬೇಕು. ಮರಳಿ ಕೂರಿಸುವಾಗ ಮೊದಲಿದ್ದ ಸಂದು ಬಿಟ್ಟೇ ಕೂರಿಸಬೇಕು. ಬಿಗಿಯಾಗಿರಲಿ ಎಂದು ಒತ್ತಿ ಕೂರಿಸಿದರೆ ಬೇಸಗೆಯಲ್ಲಿ ಹಿಗ್ಗಿ ಬಿಲ್ಲಿನ ಹಾಗೆ ಏಳುತ್ತದೆ. ಟೊಳ್ಳು ಹಲಗೆಯಾದರೆ ತುದಿಯ ಮುಚ್ಚಳ ಮರಳಿ ಹಾಕಲು ಮರೆಯಬೇಡಿ. ನಮ್ಮದೊಂದು ಹಲಗೆಯ ಒಳಗೆ ಇರುವೆಗಳ ಸಂಸಾರವೇ ಇತ್ತು.

ಹೊಸ ಹಲಗೆ ತಂದು ಹಳೆಯದರ ನಡುವೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಒಂದೇ ಕಂಪೆನಿಯ ಅದೇ ನಂಬರ್ ಆದರೂ. ಸೋಫಾದ ಅಡಿಯಲ್ಲೋ, ನೀರಿನ ಟ್ಯಾಂಕಿನ ಹಿಂದೆಯೋ ಇರುವ ಹಳೆ ಹಲಗೆಯನ್ನು ಗೀರಿನ ಜಾಗಕ್ಕೆ ತಂದು, ಗೀರಾದದ್ದನ್ನು ಅಲ್ಲಿಗೆ ಹಾಕುವುದು ಜಾಣತನ. ಖರ್ಚು ಕೂಲಿ ಮಾತ್ರ. ಹೊಸದಾಗಿ ಡೆಕ್ ಹಾಕಿಸುವವರು ಎರಡು ಹಲಗೆ ಹೆಚ್ಚು ತೆಗೆದಿಡಿ, ಗೋಡೆಗೆ ಒರಗಿಸಿ ಇಡಬೇಡಿ, ನೆಲಕ್ಕೆ ಚಪ್ಪಟೆಯಾಗಿ ಮಲಗಿಸಿ ಇಡಿ.

ನಾನು ಮಾಡಿದ್ದು

ತಾರಸಿಯ ಎರಡು ಮೊಳದ ಗೀರನ್ನು ನವೆಂಬರಿನಲ್ಲಿ ನಾನೇ ತಿಕ್ಕಿದೆ. ಒಂದೂವರೆ ಗಂಟೆ ಹಿಡಿಯಿತು. ಶಿವರಾತ್ರಿಯ ಹೊತ್ತಿಗೆ ಬಣ್ಣ ಸೇರಿತ್ತು. ಸಿಟ್‌ಔಟಿನಲ್ಲಿ ಕುರ್ಚಿ ಕಾಲಿನ ಎರಡು ತೆಳು ಗೀರು ಹೀಟ್ ಗನ್ನಿಗೆ ಹೋದವು, ಒಂದು ಹೋಗಲಿಲ್ಲ, ಅದನ್ನು ಬಿಟ್ಟಿದ್ದೇನೆ. ಪಾಚಿಗೆ ಅಂಗಳಕ್ಕೆ ಎರಚುವ ಬ್ಲೀಚಿಂಗ್ ಪೌಡರನ್ನು ಡೆಕ್ಕಿಗೆ ತಾಗಿಸುವುದಿಲ್ಲ, ಬಣ್ಣ ಹೋಗುತ್ತದೆ. ಸೋಪಿನ ನೀರು ಹಾಕಿ ಬ್ರಶ್ಶಿನಲ್ಲಿ ತಿಕ್ಕುತ್ತೇವೆ. ಕುರ್ಚಿ ಕಾಲಿಗೆ ರಬ್ಬರ್ ಬದಲು ಪ್ಲಾಸ್ಟಿಕ್ ಬೂಟು ಹಾಕಿದೆ. ರಬ್ಬರ್ ತಾಗಿಯೇ ಇದ್ದ ಜಾಗದಲ್ಲಿ ಹಲಗೆಯ ಬಣ್ಣ ತಿರುಗಿತ್ತು.

ಮಲ್ಲಿಗೆ ಚಟ್ಟಿಗಳನ್ನು ಈಗ ಒಣ ಗೋಣಿಯ ಮೇಲೆ ಓರೆ ಮಾಡಿ ಕೂರಿಸಿ, ಗೋಣಿಯನ್ನೇ ಎಳೆಯುತ್ತೇವೆ, ಎಳೆದ ಮೇಲೆ ಗೋಣಿ ತೆಗೆಯುತ್ತೇವೆ. ಕಪ್ಪು ಚುಕ್ಕೆಯ ಆ ಹಲಗೆಯನ್ನು ಅದೇ ಆಚಾರಿಯವರು ಬಂದು ಬದಲಿಸಿ ಕೊಟ್ಟರು. ಅದೀಗ ಚಪ್ಪಲಿ ಸ್ಟ್ಯಾಂಡಿನ ಅಡಿಯಲ್ಲಿ ಉಂಟು.